ಸರಕಿಗೆ ತಕ್ಕ ಸೊಲ್ಲು
(ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ಕಡೆಯ ಹುಟ್ಟುವಳಿಗಳ ಪ್ರಕಟಣೆಯ ವಿಚಾರ)

“ಹಿತ್ತಲ ಗಿಡ ಮದ್ದಲ್ಲ” ಎಂಬ ಗಾದೆಯು ನಮ್ಮಲ್ಲಿ ಬಹುಕಾಲದಿಂದ ರೂಢವಾಗಿದೆ. ಹಿತ್ತಲಲ್ಲಿ ಬೆಳೆದುದಕ್ಕೆ ಬೆಲೆಯಿಲ್ಲವೆಂಬ ಈ ಭಾವನೆಯು ಮದ್ದಿನ ಗಿಡಗಳಲ್ಲಿಯೇ ನಿಲ್ಲದೆ ಹಲಸು, ಪುನರ್ಪುಳಿ, ಬಾಳೆ, ಕಾಡುಮಾವು, ಕಜೆ ಅಕ್ಕಿ ಮುಂತಾದ ಎಲ್ಲಾ ಹುಟ್ಟುವಳಿಗಳಿಗೂ ಹರಡಿರುವುದು ವಿಷಾದಕರವಾಗಿದೆ. ಬಂಟ್ವಾಳ, ಬೆಳ್ತಂಗಡಿ, ಮೂಡಬಿದಿರೆ ತಾಲೂಕುಗಳ ತೋಟಗಳಲ್ಲಿ ಮಳೆಗಾಲದ ಆರಂಭಕ್ಕೆ ಹಲಸಿನ ಹಣ್ಣುಗಳು ಮರದಡಿಯಲ್ಲಿಯೇ ಕೊಳೆಯುವುದನ್ನು ಕಾಣದವರಾರು? ಅದೇ ಹಣ್ಣಿನ ಹಪ್ಪಳವನ್ನು ನಾವು ಪೇಟೆಯಲ್ಲಿ ಕ್ರಯ ಕೊಟ್ಟು ತರುತ್ತೇವೆ.

ನಮ್ಮ ಸೀಮೆಯ ಜೀವನಾಧಾರವು ಅಡಿಕೆ. ಆದರೆ ಮಹಾಳಿಯ ಕಾಟವು ಪ್ರತಿ ಮಳೆಗಾಲಕ್ಕೂ ಇದ್ದದ್ದೇ; ಮದ್ದು ಬಿಡುವ ಆಳು ಸಿಕ್ಕುವುದು ಕಷ್ಟ. ಇದರ ಮೇಲೆ ಹಳದಿ ಎಲೆ ರೋಗವೂ ಎಲೆಚುಕ್ಕಿ ರೋಗವೂ ಹಲವು ತೋಟಗಳನ್ನು ಹಿಡಿದಿವೆ. ಒಂದೇ ಬೆಳೆಯನ್ನು ನಂಬಿದ ಮನೆತನವು ಒಂದೇ ಕಂಬದ ಮೇಲೆ ನಿಂತ ಚಪ್ಪರದಂತೆ. ಆದುದರಿಂದ ಉಪಬೆಳೆಗಳಿಂದಲೂ ನಾಲ್ಕು ಕಾಸು ಬರುವಂತೆ ಮಾಡಿಕೊಳ್ಳುವುದು ಇನ್ನು ಮುಂದೆ ವಿನೋದದ ಮಾತಲ್ಲ, ಅಗತ್ಯದ ಮಾತು. ಬೆಳೆಯುವ ವಿದ್ಯೆಯಲ್ಲಿ ನಮ್ಮವರು ಯಾರಿಗೂ ಕಡಿಮೆಯಲ್ಲ. ಬೆಳೆದುದನ್ನು ನಾಲ್ಕು ಜನಕ್ಕೆ ಹೇಳುವ ವಿದ್ಯೆಯಲ್ಲಿ ಮಾತ್ರ ಸಂಕೋಚ ಬಹಳ. ಈ ವಿದ್ಯೆಗೆ ದೂರದ ಪಾಠಶಾಲೆಯೇನೂ ಬೇಡ. ನಮ್ಮ ದಿನನಿತ್ಯದ ಬಾಳಿನಲ್ಲಿಯೇ ಗುರುಗಳು ಬೇಕಾದಷ್ಟು ಮಂದಿ ಇದ್ದಾರೆಂಬುದನ್ನು ಊರ ಮುಖ್ಯಸ್ಥರಾದ, ಭೂಮಾಲೀಕರಾದ ವಾಚಕ ಮಹಾಶಯರ ಮುಂದೆ ಅರಿಕೆ ಮಾಡುವುದೇ ಈ ಲೇಖನದ ಉದ್ದೇಶವಾಗಿದೆ.

1. ಕೂಗುವ ಗುರುಗಳು

ಯಕ್ಷಗಾನ ಬಯಲಾಟವಿರುವ ದಿನ ಸಂಜೆ, ಆಟದ ಬಯಲಿನಲ್ಲಿ ಚೆಂಡೆ ಮದ್ದಳೆಗಳನ್ನು ಬಾರಿಸುವ ಪದ್ಧತಿಯುಂಟು. ಇದನ್ನು ‘ಕೇಳಿ ಬಡಿಯುವುದು’ ಎನ್ನುತ್ತಾರೆ. ಗುಡ್ಡದಾಚೆಯ ಮನೆಯವರಿಗೂ ಆ ಧ್ವನಿ ಮುಟ್ಟುತ್ತದೆ. ಅದರಲ್ಲಿ ಕಥೆಯ ಹೆಸರಿಲ್ಲ, ವೇಷಧಾರಿಗಳ ಹೊಗಳಿಕೆಯಿಲ್ಲ. “ಇಂದು ಇಲ್ಲಿ ಆಟವುಂಟು” ಎಂಬ ಒಂದೇ ಸಂಗತಿ. ಕೇಳಿದವರು ಬೇಗನೆ ಊಟ ಮುಗಿಸಿ ಹೊರಡುತ್ತಾರೆ. ಪ್ರಕಟಣೆಯ ಮೊದಲನೆಯ ನಿಯಮವು ಇದರಲ್ಲಿ ಅಡಗಿದೆ: ಒಂದು ಸಲಕ್ಕೆ ಒಂದೇ ಸಂಗತಿಯನ್ನು, ತಕ್ಕ ಹೊತ್ತಿನಲ್ಲಿ, ಮುಟ್ಟಬೇಕಾದವರಿಗೆ ಮುಟ್ಟುವಂತೆ ಹೇಳತಕ್ಕದ್ದು. ಪತ್ತನಾಜೆ ಕಳೆದು ಮೇಳಗಳು ಗೆಜ್ಜೆ ಬಿಚ್ಚಿದ ಮೇಲೆ ಕೇಳಿ ಬಡಿದರೆ ಬರುವವರು ಯಾರು? ಹಲಸಿನ ಹಣ್ಣು ಮುಗಿದ ಮೇಲೆ ಹಣ್ಣಿನ ಪ್ರಕಟಣೆ ಹೊರಡಿಸುವವರ ಸ್ಥಿತಿಯೂ ಹಾಗೆಯೇ.

ಎರಡನೆಯ ಗುರುವು ಬಿ.ಸಿ.ರೋಡಿನ ಬಸ್ಸು ನಿಲ್ದಾಣದಲ್ಲಿದ್ದಾನೆ. ಬಸ್ಸಿನ ನಿರ್ವಾಹಕನು “ಗುರುವಾಯನಕೆರೆ, ಬೆಳ್ತಂಗಡಿ, ಉಜಿರೆ, ಧರ್ಮಸ್ಥಳ!” ಎಂದು ಕೂಗುತ್ತಾನಲ್ಲದೆ “ನಮ್ಮ ಬಸ್ಸಿನ ಆಸನಗಳು ಮೃದು, ಯಂತ್ರವು ಉತ್ಕೃಷ್ಟ” ಎಂದು ಎಂದಾದರೂ ಕೂಗಿದ್ದುಂಟೇ? ಪ್ರಯಾಣಿಕನಿಗೆ ಬೇಕಾದುದು ಬಸ್ಸಲ್ಲ, ತಾನು ಸೇರಬೇಕಾದ ಊರು. ನಮ್ಮ ರೈತರ ಚೀಟಿಗಳಲ್ಲಿಯಾದರೋ ಸರಕಿನ ಹೊಗಳಿಕೆ ಹತ್ತು ಸಾಲು. ಅದು ಕೊಂಡವನಿಗೆ ಏನಾಗಿ ಒದಗುವುದೆಂಬ ಮಾತು ಒಂದು ಸಾಲೂ ಇರುವುದಿಲ್ಲ. ಕುಚ್ಚಲಕ್ಕಿಯ ಚೀಲದ ಮೇಲೆ “ಶ್ರೇಷ್ಠ ಅಕ್ಕಿ” ಎನ್ನುವುದಕ್ಕಿಂತ “ಗಂಜಿಗೆ ಒಳ್ಳೆಯದು” ಎಂದರೆ ಗೃಹಿಣಿಗೆ ವಿಷಯ ತಿಳಿಯಿತು.

ಮೂರನೆಯವನು ಏಲಂ ಕೂಗುವವನು. ಜಾತ್ರೆ, ಗಣೇಶೋತ್ಸವ, ಇಗರ್ಜಿಯ ಹಬ್ಬ ಮೊದಲಾದ ಸಂದರ್ಭಗಳಲ್ಲಿ ಹರಕೆಗೆ ಬಂದ ಫಲವಸ್ತುಗಳನ್ನು ಏಲಂ ಹಾಕುವುದನ್ನು ಎಲ್ಲರೂ ನೋಡಿರುತ್ತಾರೆ. ಪೇಟೆಯಲ್ಲಿ ಸಾಮಾನ್ಯ ಕ್ರಯಕ್ಕೆ ಸಿಕ್ಕುವ ತೆಂಗಿನಕಾಯಿಯು ಅಲ್ಲಿ ಹತ್ತು ಪಾಲು ಏರುತ್ತದೆ. ದೇವರ ಮೇಲಣ ಭಕ್ತಿ ಇದಕ್ಕೆ ಮುಖ್ಯ ಕಾರಣವೆಂಬುದು ನಿಜ. ಆದರೂ ಜಾಣನಾದ ಕೂಗುವವನು “ಇದು ಹೊಸ ಗಿಡದ ಮೊದಲನೆಯ ಗೊನೆ, ಮನೆಯವರು ಬಾಯಿಗಿಡದೆ ತಂದುಕೊಟ್ಟದ್ದು” ಎಂದು ಒಂದು ಮಾತು ಸೇರಿಸಿದೊಡನೆ ಸಭೆಯಲ್ಲಿ ಇನ್ನೆರಡು ಕೈ ಮೇಲೇಳುವುದನ್ನು ಗಮನಿಸಿರಿ. ವಸ್ತುವು ಎಲ್ಲಿಂದ, ಯಾರ ಕೈಯಿಂದ ಬಂತೆಂಬ ನಿಜವಾದ ವೃತ್ತಾಂತವು ಅದರ ಬೆಲೆಯನ್ನು ಹೆಚ್ಚಿಸುತ್ತದೆ. ವೃತ್ತಾಂತವು ನಿಜವಾಗಿರಬೇಕೆಂಬುದನ್ನು ಬೇರೆ ಹೇಳಬೇಕಾಗಿಲ್ಲ. ಊರಿನ ಏಲಮಿನಲ್ಲಿ ಸುಳ್ಳು ಹೇಳಿದರೆ ಗಿಡವನ್ನೇ ಕಂಡವರು ಎದುರಿನ ಸಾಲಿನಲ್ಲಿ ಕುಳಿತಿರುತ್ತಾರೆ.

2. ಹೆಸರಿನ ವಿಚಾರ

ಮೂಡಬಿದಿರೆಯಲ್ಲಿ 1430ರಲ್ಲಿ ಕಟ್ಟಲ್ಪಟ್ಟ ಬಸದಿಗೆ ‘ತ್ರಿಭುವನ ತಿಲಕ ಚೂಡಾಮಣಿ’ ಎಂಬ ಗಂಭೀರವಾದ ಹೆಸರುಂಟು. ಆದರೆ ದಾರಿ ಕೇಳುವವರೂ ತೋರಿಸುವವರೂ ‘ಸಾವಿರ ಕಂಬದ ಬಸದಿ’ ಎಂದೇ ಹೇಳುತ್ತಾರೆ. ಮೂರು ಲೋಕಕ್ಕೆ ತಿಲಕವೆಂಬುದು ಪ್ರಶಂಸೆ. ಸಾವಿರ ಕಂಬವೆಂಬುದು ಕಣ್ಣಿಗೆ ಕಾಣುವ ಸಂಗತಿ. ಜನರ ನಾಲಿಗೆಯು ಎರಡನೆಯದನ್ನೇ ಹಿಡಿಯಿತು. ಬೆಳ್ತಂಗಡಿಯ ಸಮೀಪದ ಹೆಬ್ಬಂಡೆಗೂ ಇದೇ ಗತಿಯಾಯಿತು. ನರಸಿಂಹಗಡವೆಂಬ ಹೆಸರಿತ್ತು; ಟೀಪು ಸುಲ್ತಾನನು 1794ರ ಸುಮಾರಿಗೆ ಅಲ್ಲಿ ಕೋಟೆ ಕಟ್ಟಿಸಿ ಜಮಲಾಬಾದ್ ಎಂದು ಕರೆದನು; ಊರವರಿಗೆ ಅದು ಇಂದಿಗೂ ಗಡಾಯಿಕಲ್ಲು. ಬಂಟ್ವಾಳ ಕ್ರಾಸ್ ರೋಡ್ ಎಂಬ ಉದ್ದವಾದ ಹೆಸರು ಜನರ ಬಾಯಲ್ಲಿ ಸವೆದು ಬಿ.ಸಿ.ರೋಡ್ ಆಗಿ ನಿಂತದ್ದನ್ನೂ ನೆನೆಯಬಹುದು. ಹೆಸರಿಡುವವನು ಒಬ್ಬನಾದರೆ ಅದನ್ನು ಉಳಿಸುವವರು ಕರೆಯುವ ಜನ. ಆದುದರಿಂದ ಸರಕಿಗೆ ಹೆಸರಿಡುವಾಗ ಸಂಸ್ಕೃತದ ಆಡಂಬರಕ್ಕಿಂತಲೂ ಬಾಯಿಗೆ ಸುಲಭವಾದುದನ್ನೂ ಕಣ್ಣಿಗೆ ಕಟ್ಟುವುದನ್ನೂ ಆರಿಸುವುದು ಕ್ಷೇಮಕರ.

ಇದಕ್ಕೆ ಇತ್ತೀಚಿನ ಒಳ್ಳೆಯ ನಿದರ್ಶನವೊಂದು ನಮ್ಮ ನೆರೆಯಲ್ಲಿಯೇ ಉಂಟು. ಪುತ್ತೂರಿನಿಂದ 1988ರಿಂದ ಹೊರಡುತ್ತಿರುವ ‘ಅಡಿಕೆ ಪತ್ರಿಕೆ’ಯು ಕೃಷಿಕರ ಕೈಗೆ ಲೇಖನಿಯನ್ನು ಕೊಟ್ಟು, ಅವರ ಅನುಭವವನ್ನು ಅವರಿಂದಲೇ ಬರೆಯಿಸಿದ ಮಾಸಿಕವೆಂಬುದು ವಾಚಕರಿಗೆ ತಿಳಿದ ವಿಷಯವೇ. 2021ರಲ್ಲಿ ಕೊರೋನಾ ನಿರ್ಬಂಧದ ದಿನಗಳಲ್ಲಿ ಬಾಳೆಕಾಯಿಯ ಧಾರಣೆ ನೆಲ ಹಿಡಿದಾಗ, ಆ ಪತ್ರಿಕೆಯ ಸಂಪಾದಕರಾದ ಶ್ರೀ ಪಡ್ರೆಯವರು ಬಾಳೆಕಾಯಿಯನ್ನು ಒಣಗಿಸಿ ಹುಡಿ ಮಾಡಿ ಮನೆ ಮನೆಯಲ್ಲಿ ಬಳಸುವ ಆಂದೋಲನವನ್ನು ಮುನ್ನಡೆಸಿದರು. ಅದರ ಹೆಸರು ‘ಬಾಕಾಹು’. ಬಾಳೆ, ಕಾಯಿ, ಹುಡಿ ಎಂಬ ಮೂರು ಮಾತುಗಳ ಮೊದಲಕ್ಷರಗಳಷ್ಟೆ. ‘ಕದಳೀಫಲಚೂರ್ಣ’ವೆಂದು ಹೆಸರಿಟ್ಟಿದ್ದರೆ ಅದು ವೈದ್ಯರ ಭರಣಿಯಲ್ಲಿಯೇ ಉಳಿಯುತ್ತಿತ್ತು! ಬಾಕಾಹುವಾದುದರಿಂದ ಅದು ಅಡಿಗೆಯ ಮನೆಗೆ ಹೊಕ್ಕು ರೊಟ್ಟಿಯಾಯಿತು, ದೋಸೆಯಾಯಿತು. ಅದೇ ವರುಷದ ಜುಲೈ ತಿಂಗಳ ‘ಮನ್ ಕೀ ಬಾತ್’ ರೇಡಿಯೋ ಭಾಷಣದಲ್ಲಿ ಪ್ರಧಾನಮಂತ್ರಿಗಳು ಬಾಳೆಕಾಯಿ ಹುಡಿಯ ಪ್ರಸ್ತಾಪವನ್ನೆತ್ತಿದರು.

ವಿಟ್ಲದ ಸಂಶೋಧನ ಕೇಂದ್ರದವರೂ ಈ ಮರ್ಮವನ್ನು ಬಲ್ಲವರೇ ಸರಿ. ಚೀನದೇಶದಿಂದ ತರಿಸಿ ಪರೀಕ್ಷಿಸಿದ ಅಡಿಕೆಯ ತಳಿಯೊಂದನ್ನು 1972ರಲ್ಲಿ ಕೃಷಿಕರಿಗೆ ಕೊಡುವಾಗ ಅದಕ್ಕೆ ‘ಮಂಗಳಾ’ ಎಂದು ಹೆಸರಿಟ್ಟರು. ಅನಂತರ ‘ಸುಮಂಗಳಾ’, ‘ಶ್ರೀಮಂಗಳಾ’ ಬಂದುವು. ಸಂಗ್ರಹದ ಅಂಕೆಯಿಂದಲೇ ಕರೆದಿದ್ದರೆ ಸಸಿ ಕೇಳಲು ಬಂದವನು ಅಂಕೆಯನ್ನು ದಾರಿಯಲ್ಲಿಯೇ ಮರೆಯುತ್ತಿದ್ದನು.

ಚಾಲಿ ಅಡಿಕೆಯನ್ನು ಗಾತ್ರದ ಮೇಲೆ ಬೇರ್ಪಡಿಸುವಾಗ ವರ್ತಕರು ‘ಮೋಟಿ’, ‘ಶ್ರೀವರ್ಧನ’, ‘ಜಾಮ್‌ನಗರ’, ‘ಜೀನಿ’ ಎಂಬ ಹೆಸರುಗಳನ್ನು ಹೇಳುತ್ತಾರೆ. ಇವುಗಳಲ್ಲಿ ಶ್ರೀವರ್ಧನವು ಕೊಂಕಣದ ಊರು, ಜಾಮ್‌ನಗರವು ಗುಜರಾತಿನದು. ನಮ್ಮ ತೋಟದಲ್ಲಿ ಹುಟ್ಟಿದ ಅಡಿಕೆಯು ಪೇಟೆ ಸೇರುವಷ್ಟರಲ್ಲಿ ಪರವೂರಿನ ಹೆಸರನ್ನು ಹೊತ್ತುಕೊಳ್ಳುತ್ತದೆ. ಹೆಸರನ್ನು ನಾವಾಗಿ ಇಡದಿದ್ದರೆ ಬೇರೆಯವರು ಇಡುತ್ತಾರೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

3. ಕೊಳ್ಳುವವನ ನಾಲಿಗೆ

ಬಿ.ಸಿ.ರೋಡಿನಿಂದ ಬೆಳ್ತಂಗಡಿಯ ಮೇಲೆ ಚಾರ್ಮಾಡಿ ಘಾಟಿಗೆ ಹೋಗುವ ರಸ್ತೆಯಲ್ಲಿ ಧರ್ಮಸ್ಥಳಕ್ಕೆ ಹೋಗಿಬರುವ ಯಾತ್ರಿಕರ ಸಂಚಾರವು ವರುಷವಿಡೀ ಇರುತ್ತದೆ. ಇವರಲ್ಲಿ ಬಹುಮಂದಿ ಘಟ್ಟದ ಮೇಲಿನವರು. ರಸ್ತೆಯ ಬದಿಯ ತೋಟದವರು ಒಂದು ಹಲಗೆಯಲ್ಲಿ ‘ಬೊಂಡ’ ಎಂದು ಬರೆದು ಮರಕ್ಕೆ ಕಟ್ಟಿದರೆನ್ನಿರಿ. ಬೆಂಗಳೂರಿನ ಕಡೆಯ ಯಾತ್ರಿಕನು ಕಾರು ನಿಲ್ಲಿಸಿ, “ಯಜಮಾನ್ರೇ, ಬೋಂಡ ಬಿಸಿಯಾಗಿದೆಯಾ?” ಎಂದು ಕೇಳಿದರೆ, “ಬಿಸಿ ಎಂತ ಮಾರಾಯ್ರೆ, ಈಗಷ್ಟೆ ಮರದಿಂದ ಇಳಿಸಿದ್ದು, ತಣ್ಣಗುಂಟು” ಎಂಬ ಉತ್ತರದಿಂದ ಇಬ್ಬರೂ ತಬ್ಬಿಬ್ಬಾಗುವುದೇ ಸರಿ. ಅದೇ ಹಲಗೆಯಲ್ಲಿ ‘ಎಳನೀರು’ ಎಂದಿದ್ದರೆ ಈ ಪ್ರಮಾದವಿಲ್ಲ.

ಪುನರ್ಪುಳಿಯೆಂದರೆ ನಮಗೆ ಬಾಯಲ್ಲಿ ನೀರೂರುತ್ತದೆ. ಮಲೆನಾಡಿನವರಿಗೆ ಅದು ಮುರುಗಲು, ಮುಂಬಯಿಯವರಿಗೆ ಕೋಕಮ್. ನಮ್ಮ ಕುಚ್ಚಲಕ್ಕಿಯನ್ನು ಮಲೆನಾಡಿನಲ್ಲಿ ಕುಸುಬಲಕ್ಕಿ ಎನ್ನುವವರುಂಟು. ನಮ್ಮ ಹೆಸರನ್ನು ಬಿಡಬೇಕೆಂದು ಇದರ ಅರ್ಥವಲ್ಲ. ‘ಪುನರ್ಪುಳಿ’ ಎಂದು ದೊಡ್ಡಕ್ಷರದಲ್ಲಿ ಬರೆದು, ಅದರ ಕೆಳಗೆ ‘ಮುರುಗಲು ಹಣ್ಣಿನ ಶರಬತ್ತು, ಒಂದು ಪಾಲಿಗೆ ಇಷ್ಟು ಪಾಲು ತಣ್ಣೀರು’ ಎಂದು ಚಿಕ್ಕಕ್ಷರದಲ್ಲಿ ತಿಳಿಸಿದರೆ ಊರಿನ ಮರ್ಯಾದೆಯೂ ಉಳಿಯಿತು, ಪರವೂರಿನವರಿಗೆ ವಿಷಯವೂ ತಿಳಿಯಿತು. ಮನೆಗೆ ಬಂದ ನೆಂಟರಿಗೆ ನಾವು ಅವರಿಗೆ ತಿಳಿಯುವ ಮಾತಿನಲ್ಲಿಯೇ ಉಪಚಾರ ಮಾಡುವುದಿಲ್ಲವೇ? ಗಿರಾಕಿಯೂ ನೆಂಟನಂತೆಯೇ.

4. ಕಟ್ಟು ಮತ್ತು ಅಳತೆ

ಪೂರ್ವಕಾಲದಲ್ಲಿ ಅಕ್ಕಿಯನ್ನು ಬೈಹುಲ್ಲಿನಿಂದ ಮುಡಿ ಕಟ್ಟಿ ಇಡುತ್ತಿದ್ದರು. ಹದಿನಾಲ್ಕು ಸೇರಿನ ಕಳಸೆ ಮೂರು ಸೇರಿದರೆ 42 ಸೇರಿನ ಒಂದು ಮುಡಿ. ಗುಂಡಗೆ ಬಿಗಿಯಾಗಿ ಹೊಸೆದ ಹಗ್ಗದಿಂದ ಬಿಗಿದ ಮುಡಿಯನ್ನು ನೋಡಿದರೆ ಕಟ್ಟಿದವನ ಕೈಚಳಕ ತಿಳಿಯುತ್ತಿತ್ತು. ಸಡಿಲವಾದ ಮುಡಿಯನ್ನು ಕಂಡವರು ಒಳಗಿನ ಅಕ್ಕಿಯನ್ನೂ ಸಂಶಯಿಸುತ್ತಿದ್ದರು. ಇಂದು ಮುಡಿಯ ಸ್ಥಾನಕ್ಕೆ ಪ್ಲಾಸ್ಟಿಕ್ ಚೀಲ ಬಂದಿದೆಯಾದರೂ ಕೊಳ್ಳುವವನ ಕಣ್ಣು ಮೊದಲಿನದೇ. ವಾರೆಯಾಗಿ ಅಂಟಿಸಿದ ಚೀಟಿ, ಎಣ್ಣೆಯ ಬೆರಳಚ್ಚು, ಅಳಿಸಿ ತಿದ್ದಿದ ಕ್ರಯ, ಇವುಗಳೆಲ್ಲ ನಮ್ಮ ಪರವಾಗಿ ಮಾತನಾಡದೆ ನಮ್ಮ ವಿರುದ್ಧವಾಗಿ ಸಾಕ್ಷಿ ನುಡಿಯುತ್ತವೆ.

ಅಳತೆಯ ವಿಷಯದಲ್ಲಿ ಶಂಕರಪುರದ ಮಲ್ಲಿಗೆಯವರನ್ನು ನೋಡಿ ಕಲಿಯಬೇಕು. ಸುಮಾರು 800 ಹೂಗಳಿಗೆ ಒಂದು ಚೆಂಡು, ನಾಲ್ಕು ಚೆಂಡಿಗೆ ಒಂದು ಅಟ್ಟೆ. ಅಟ್ಟೆಯ ಧಾರಣೆ ದಿನದಿನವೂ ಗೊತ್ತಾಗುತ್ತದೆ. ಮಾರುವವರಿಗೂ ಕೊಳ್ಳುವವರಿಗೂ ಚೌಕಾಸಿಯ ಬಳಲಿಕೆ ಕಡಿಮೆ. ಭೌಗೋಳಿಕ ಗುರುತನ್ನು ಪಡೆದಿರುವ ಈ ಹೂವಿನ ಕೀರ್ತಿಗೆ ಪರಿಮಳವು ಎಷ್ಟು ಕಾರಣವೋ ನಂಬಿಕೆಯ ಅಳತೆಯೂ ಅಷ್ಟೇ ಕಾರಣವೆಂದರೆ ತಪ್ಪಾಗಲಾರದು.

ಇನ್ನು ಮಾತೇ ಆಡದೆ ಪ್ರಕಟಣೆ ನಡೆಯಿಸುವ ಗುರುವೊಂದು ನಮ್ಮ ತಲೆಯ ಮೇಲೆಯೇ ಇದೆ, ಅದು ಹಂಚು. ಬಾಸೆಲ್ ಮಿಶನ್ನಿನವರು 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಅಲ್ಲಿಯ ಹಂಚಿನಲ್ಲಿಯೂ, ಅನಂತರ ಬಂದ ಇತರ ಕಾರ್ಖಾನೆಗಳ ಹಂಚಿನಲ್ಲಿಯೂ ಮಾಡಿದವರ ಹೆಸರು ಅಚ್ಚೊತ್ತಿರುತ್ತದೆ. ಹಳೆಯ ಮನೆ ಬಿಚ್ಚುವಾಗ ಅಂಥ ಹಂಚು ಸಿಕ್ಕಿದರೆ ಇಂದಿಗೂ ಅದನ್ನು ಎತ್ತಿಡುವವರುಂಟು. ಹೆಸರನ್ನು ಅಚ್ಚೊತ್ತುವುದೆಂದರೆ “ಇದು ಸೋರಿದರೆ ನಮ್ಮನ್ನು ಕೇಳಿರಿ” ಎಂದು ಬರೆದುಕೊಟ್ಟಂತೆ. ತನ್ನ ಹೆಸರನ್ನೂ ಊರನ್ನೂ ಹಾಕಲು ಹಿಂಜರಿಯುವ ಮಾರಾಟಗಾರನ ಸರಕನ್ನು ಕೊಳ್ಳಲು ಗಿರಾಕಿಯೂ ಹಿಂಜರಿದರೆ ಅದು ನ್ಯಾಯವೇ.

5. ಒಂದು ದೃಷ್ಟಾಂತ

ಈ ಸೂತ್ರಗಳನ್ನು ಪ್ರಯೋಗಿಸಿ ನೋಡೋಣ. ಬೆಳ್ತಂಗಡಿ ತಾಲೂಕಿನ ಒಬ್ಬ ಭೂಮಾಲೀಕರಿಗೆ ಹತ್ತು ಬಕ್ಕೆ ಹಲಸಿನ ಮರಗಳಿವೆಯೆಂದೂ, ಮನೆಯ ಹೆಂಗಸರು ಹಪ್ಪಳ ಮಾಡಿರುವರೆಂದೂ ಭಾವಿಸೋಣ. ಯಜಮಾನರು ಚೀಟಿಯನ್ನು ಹೀಗೆ ಬರೆಯಿಸುತ್ತಾರೆ:

“ಅತ್ಯುತ್ತಮ ಗುಣಮಟ್ಟದ, ಅತ್ಯಂತ ರುಚಿಕರವಾದ, ಪರಿಶುದ್ಧ ಹಲಸಿನ ಹಪ್ಪಳ. ಒಮ್ಮೆ ತಿಂದರೆ ಮತ್ತೆ ಬಿಡಲಾರಿರಿ!”

ಇದನ್ನು ಓದಿದ ಅತ್ತೆಯವರು, “ಅಲ್ಲ ಮಗಾ, ಇದನ್ನು ಯಾರ ಹಪ್ಪಳದ ಮೇಲೆ ಬೇಕಾದರೂ ಅಂಟಿಸಬಹುದಲ್ಲ? ನಮ್ಮದೆಂದು ತಿಳಿಯುವುದು ಹೇಗೆ?” ಎಂದು ಕೇಳುತ್ತಾರೆ. ಪ್ರಶ್ನೆ ಸರಿಯಾದುದು. ಯಾವ ಮಾತನ್ನು ಎದುರಾಳಿಯೂ ಹೇಳಬಹುದೋ ಆ ಮಾತಿನಿಂದ ನಮಗೆ ಲಾಭವಿಲ್ಲ. ಅತ್ತೆಯವರು ಹಪ್ಪಳ ಮಾಡಿದ ಬಗೆಯನ್ನು ಹೇಳುತ್ತ ಹೋಗಲಿ, ಯಜಮಾನರು ಅದನ್ನೇ ಬರೆದುಕೊಳ್ಳಲಿ. ಆಗ ಚೀಟಿಯು ಹೀಗಾದೀತು:

“ಬಕ್ಕೆ ಹಲಸಿನ ಹಪ್ಪಳ. ಬೆಳೆದ ಕಾಯಿಯ ಸೊಳೆ, ಒಣಮೆಣಸು, ಕೊತ್ತಂಬರಿ, ಉಪ್ಪು, ಬೇರೇನೂ ಇಲ್ಲ. ಏಪ್ರಿಲ್ ತಿಂಗಳ ಬಿಸಿಲಿನಲ್ಲಿ ಚಾಪೆಯ ಮೇಲೆ ಒಣಗಿಸಿದ್ದು. ಎಣ್ಣೆ ಚೆನ್ನಾಗಿ ಕಾದ ಮೇಲೆ ಹಾಕಿರಿ. ಮಳೆಗಾಲದ ಸಂಜೆಗೆಂದು ಮಾಡಿಟ್ಟದ್ದು.”

ಇದರಲ್ಲಿ ಹೊಗಳಿಕೆಯ ಒಂದು ಪದವೂ ಇಲ್ಲ. ಆದರೂ ಬೆಂಗಳೂರಿನಲ್ಲಿಯೋ ಮುಂಬಯಿಯಲ್ಲಿಯೋ ಇರುವ ನಮ್ಮ ಜಿಲ್ಲೆಯ ಕುಟುಂಬದವರು ಕೊನೆಯ ವಾಕ್ಯವನ್ನು ಓದಿ, ಆಟಿಯ ಮಳೆಯನ್ನೂ ಅಜ್ಜಿಯ ಮನೆಯ ಚಾವಡಿಯನ್ನೂ ನೆನೆಯದಿರಲಾರರು. ಕೈಫೋನಿನಲ್ಲಿ ವಾಟ್ಸಾಪ್ ಸಂದೇಶ ಕಳುಹಿಸುವಾಗಲೂ ಇದೇ ಕ್ರಮ ಸಾಕು: ಏನು, ಎಷ್ಟು, ಎಂದು ಸಿಕ್ಕುವುದು, ಕ್ರಯವೇನು, ಯಾರನ್ನು ಕೇಳಬೇಕು. ಗುಲಾಬಿ ಹೂವಿನ ಚಿತ್ರವೂ ಶುಭೋದಯದ ಶ್ಲೋಕವೂ ಬೇಡ.

6. ಮಾತಿಗೂ ಮೇರೆಯುಂಟು

ಪ್ರಕಟಣೆಯ ಉತ್ಸಾಹದಲ್ಲಿ ಸತ್ಯವನ್ನು ಮೀರಬಾರದು. ಕಟ್ಟಿದ ಪೊಟ್ಟಣಗಳ ಮೇಲೆ ಸರಕಿನ ಹೆಸರು, ಮಾಡಿದವರ ಅಥವಾ ಕಟ್ಟಿದವರ ಹೆಸರು ವಿಳಾಸ, ನಿವ್ವಳ ತೂಕ, ತಿಂಗಳು ವರುಷ, ತೆರಿಗೆಗಳೂ ಸೇರಿದ ಗರಿಷ್ಠ ಕ್ರಯ, ದೂರು ಹೇಳುವುದಕ್ಕೆ ಫೋನು ಸಂಖ್ಯೆ, ಇಷ್ಟನ್ನು ತಿಳಿಸಬೇಕೆಂದು 2011ರ ಪೊಟ್ಟಣ ಸರಕುಗಳ ನಿಯಮಗಳು ವಿಧಿಸುತ್ತವೆ. ಆಹಾರ ಪದಾರ್ಥಗಳಿಗೆ ಆಹಾರ ಸುರಕ್ಷತಾ ಪ್ರಾಧಿಕಾರದ ನೋಂದಣಿ ಅಥವಾ ಪರವಾನಗಿಯೂ ಅಗತ್ಯ. ಆ ಪ್ರಾಧಿಕಾರದ 2018ರ ಪ್ರಕಟಣಾ ನಿಯಮಗಳ ಪ್ರಕಾರ ‘ನೈಸರ್ಗಿಕ’, ‘ತಾಜಾ’, ‘ಶುದ್ಧ’ ಮುಂತಾದ ಪದಗಳನ್ನು ಗೊತ್ತಾದ ಷರತ್ತುಗಳಿಗೆ ಒಳಪಟ್ಟು ಮಾತ್ರ ಬಳಸಬಹುದು. ‘ಸಾವಯವ’ವೆಂಬ ಮಾತಿಗೆ ತಕ್ಕ ಪ್ರಮಾಣಪತ್ರವಿರತಕ್ಕದ್ದು. ರೋಗ ಗುಣವಾಗುವುದೆಂದು ಹೇಳಿ ತಿಂಡಿಯನ್ನು ಮಾರುವುದು ತಪ್ಪು. ಮೇಲಣ ದೃಷ್ಟಾಂತದ ಎರಡನೆಯ ಚೀಟಿಯು ‘ಪರಿಶುದ್ಧ’ವೆಂಬ ಪದವನ್ನು ಬಿಟ್ಟು ಪದಾರ್ಥಗಳನ್ನೇ ಎಣಿಸಿದುದರಿಂದ ಕಾನೂನಿಗೂ ಒಪ್ಪಿತು, ಗಿರಾಕಿಗೂ ಒಪ್ಪಿತು.

ಅಡಿಕೆಯ ಬಗ್ಗೆ ವಿಶೇಷ ಎಚ್ಚರ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಅರ್ಬುದ ಸಂಶೋಧನಾ ಸಂಸ್ಥೆಯು 2004ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಅಡಿಕೆಯನ್ನು ಅರ್ಬುದಕಾರಕಗಳ ಮೊದಲನೆಯ ವರ್ಗದಲ್ಲಿ ಸೇರಿಸಿದೆ. ಈ ವಿಷಯವು ಬೆಳೆಗಾರರಿಗೆ ಅಪ್ರಿಯವಾದರೂ ಇರುವ ಸಂಗತಿಯನ್ನು ಮರೆಮಾಚಿ ‘ಆರೋಗ್ಯಕ್ಕೆ ಉತ್ತಮ’ವೆಂದು ಅಡಿಕೆಯ ಪೊಟ್ಟಣದ ಮೇಲೆ ಬರೆಯುವುದು ಸಲ್ಲದು. ಅಡಿಕೆಯ ಮರದಿಂದಲೇ ಸಿಕ್ಕುವ ಹಾಳೆಯ ತಟ್ಟೆಗೆ ಈ ತೊಡಕಿಲ್ಲವೆಂದು ಕೆಲವರು ಭಾವಿಸಿದ್ದಾರೆ. ಅಮೆರಿಕದ ಆಹಾರ ಇಲಾಖೆಯು 2025ರಲ್ಲಿ ಅದರ ಮೇಲೆಯೂ ಆಕ್ಷೇಪಣೆಯನ್ನು ಎತ್ತಿರುವುದರಿಂದ, ಪರದೇಶಕ್ಕೆ ಕಳುಹಿಸುವವರು ಅಲ್ಲಿಯ ನಿಯಮಗಳನ್ನು ಮೊದಲು ವಿಚಾರಿಸಿಕೊಳ್ಳುವುದು ಒಳ್ಳೆಯದು.

ಮಾತಿನ ಹಿಂದೆ ವ್ಯವಸ್ಥೆಯೂ ಇರಬೇಕು. 1973ರಲ್ಲಿ ಮಂಗಳೂರಿನಲ್ಲಿ ಸ್ಥಾಪಿತವಾದ ಕ್ಯಾಂಪ್ಕೋ ಸಹಕಾರ ಸಂಸ್ಥೆಯು ಕೊಕ್ಕೋ ಬೆಳೆಗಾರರು ಕಷ್ಟದಲ್ಲಿದ್ದಾಗ ಅವರ ಕೊಕ್ಕೋವನ್ನು ಕೊಳ್ಳಲು ತೊಡಗಿ, 1986ರಲ್ಲಿ ಪುತ್ತೂರಿನಲ್ಲಿ ಚಾಕಲೇಟು ಕಾರ್ಖಾನೆಯನ್ನೇ ತೆರೆಯಿತು. ಕ್ಯಾಂಪ್ಕೋ ಎಂಬ ಹೆಸರಿಗೆ ಇಂದು ಬೆಲೆಯಿರುವುದು ಅಕ್ಷರಗಳ ಸೊಗಸಿನಿಂದಲ್ಲ. ಧಾರಣೆ ಬಿದ್ದ ದಿನವೂ ಅದರ ಬಾಗಿಲು ತೆರೆದಿತ್ತೆಂಬ ನೆನಪಿನಿಂದ.

7. ಊರ ಮುಖ್ಯಸ್ಥರಲ್ಲಿ ಬಿನ್ನಹ

ಗ್ರಾಮದ ಹಿರಿಯರು ಈ ವಿಷಯದಲ್ಲಿ ಮಾಡಬಹುದಾದ ಉಪಕಾರವು ದೊಡ್ಡದು. ಒಬ್ಬನು ಜೇನಿಗೆ ಬೆಲ್ಲದ ಪಾಕ ಬೆರಸಿ ಮಾರಿದರೆ ಮೋಸ ಹೋದವನು ಆ ಒಬ್ಬನನ್ನು ಬೈಯುವುದಿಲ್ಲ, “ಆ ಊರಿನ ಜೇನು ಬೇಡ” ಎನ್ನುತ್ತಾನೆ. ನಷ್ಟವು ಇಡೀ ಗ್ರಾಮಕ್ಕೆ. ಆದುದರಿಂದ ಕೆಳಗಿನ ಅಂಶಗಳನ್ನು ಸ್ವಸಹಾಯ ಸಂಘಗಳ ಸಭೆಯಲ್ಲಿಯೂ ಸಹಕಾರ ಸಂಘದ ಸಭೆಯಲ್ಲಿಯೂ ಓದಿ ಹೇಳಬೇಕಾಗಿ ಕೋರಲಾಗಿದೆ:

(1) ಒಂದು ಪ್ರಕಟಣೆಯಲ್ಲಿ ಒಂದೇ ಮುಖ್ಯ ಸಂಗತಿಯಿರಲಿ. ಕಾಲಕ್ಕೆ ಮುಂಚೆ ಹೊರಡಲಿ.
(2) ಹೊಗಳಿಕೆಗಿಂತ ವಿವರಣೆ ಮೇಲು. ಮಾಡಿದವರ ಬಾಯಿಂದಲೇ ವಿವರವನ್ನು ಕೇಳಿ ಬರೆಯಿರಿ.
(3) ಹೆಸರು ಚಿಕ್ಕದಾಗಿರಲಿ, ಕರೆಯಲು ಸುಲಭವಾಗಿರಲಿ.
(4) ಕೊಳ್ಳುವವನು ಬಲ್ಲ ಮಾತನ್ನೂ ನಮ್ಮ ಮಾತಿನ ಜೊತೆಗೆ ಕೊಡಿರಿ.
(5) ಅಳತೆ ಖಚಿತವಾಗಿರಲಿ, ಕಟ್ಟು ಶುಚಿಯಾಗಿರಲಿ, ಹೆಸರು ವಿಳಾಸ ಇರಲೇಬೇಕು.
(6) ಬರೆದ ಚೀಟಿಯನ್ನು ಮೊದಲು ಮನೆಯಲ್ಲಿಯೇ ಗಟ್ಟಿಯಾಗಿ ಓದಿರಿ. ಮನೆಯವರಿಗೆ ನಗು ಬಂದರೆ ತಿದ್ದಿರಿ.

ಕೊನೆಯದಾಗಿ ನಮ್ಮ ಸೀಮೆಯವರು ಅಡಿಕೆಯ ಹೆಸರಿನಲ್ಲಿಯೇ ಕೇಳಿ ಬೆಳೆದ ಗಾದೆಯೊಂದುಂಟು: ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಪ್ರಕಟಣೆಯ ವಿದ್ಯೆಯನ್ನು ಕಲಿಯುವ ಮನೆಯಲ್ಲಿ ಇದೊಂದು ಗಾದೆಯನ್ನು ಗೋಡೆಯ ಮೇಲೆ ಬರೆದಿಟ್ಟರೆ ಉಳಿದ ಪಾಠಗಳನ್ನು ಚೆಂಡೆಯೂ ಬಸ್ಸೂ ಹಂಚೂ ಕಲಿಸಿಕೊಡುವುವು.